ಪುರುಷರ ಆರೋಗ್ಯ ಮತ್ತು ಆರೋಗ್ಯ ಸೇವೆಗಳ ಬಳಕೆ

ಪುರುಷರ ಆರೋಗ್ಯವು ಸಾರ್ವಜನಿಕ ಆರೋಗ್ಯ ಶಾಸ್ತ್ರದ ಒಂದು ಅಧ್ಯಯನ ವಿಷಯವಾಗಿದೆ. ಪ್ರಾಸ್ಟೇಟ್ ಗ್ರಂಥಿಯ ತೊಂದರೆ, ವೃಷಣದ ಕ್ಯಾನ್ಸರ್ ಮೊದಲಾದ ಪುರುಷರಿಗೇ ಸೀಮಿತವಾದ ಕಾಯಿಲೆಗಳು ಮಾತ್ರವಲ್ಲದೆ, ಹೃದ್ರೋಗ, ಕ್ಷಯ, ಬಾಯಿಯ ಕ್ಯಾನ್ಸರ್, ಅಪಘಾತ, ಆತ್ಮಹತ್ಯೆ ಮುಂತಾಗಿ ಪುರುಷರನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಧಿಸುವ ಸಮಸ್ಯೆಗಳೂ ಇದರ ವ್ಯಾಪ್ತಿಗೆ ಸೇರುತ್ತವೆ. ರೋಗಲಕ್ಷಣ ಕಾಣಿಸುವ ಮೊದಲೇ ತಪಾಸಣೆಗೆ ಬರುವುದು, ಚಿಕಿತ್ಸೆಯನ್ನು ನಡುವೆ ಬಿಡದೆ ಮುಂದುವರಿಸುವುದು ಇವುಗಳಲ್ಲಿ ಪುರುಷರ ಪಾಲ್ಗೊಳ್ಳುವಿಕೆಯನ್ನು ಹೆಚ್ಚಿಸುವುದು ಈ ಕ್ಷೇತ್ರದ ಮುಖ್ಯ ಗುರಿ. ಪುರುಷರ ಉದಾಸೀನತೆಯೇ ಸಮಸ್ಯೆಯ ಮೂಲವೆಂಬ ಅಭಿಪ್ರಾಯ ಹಿಂದೆ ಪ್ರಬಲವಾಗಿತ್ತು. ಸೇವೆಯನ್ನು ನೀಡುವ ಸ್ಥಳ, ಸಮಯ ಮತ್ತು ಕ್ರಮವೂ ಅಷ್ಟೇ ಮುಖ್ಯವೆಂಬುದನ್ನು ನಂತರದ ಪ್ರಯೋಗಗಳು ತೋರಿಸಿವೆ.

ಸ್ಥಿತಿಗತಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಪುರುಷರ ಸರಾಸರಿ ಆಯುಷ್ಯವು ಮಹಿಳೆಯರದಕ್ಕಿಂತ ಸುಮಾರು 5 ವರ್ಷ ಕಡಿಮೆ ಇತ್ತು. ಈ ಅಂತರಕ್ಕೆ ಜೈವಿಕ ಕಾರಣಗಳಿದ್ದರೂ, ತಂಬಾಕು, ಮದ್ಯಪಾನ, ಅಪಾಯಕಾರಿ ದುಡಿಮೆ, ತಡವಾದ ರೋಗಪತ್ತೆ ಮುಂತಾದ ತಡೆಯಬಹುದಾದ ಕಾರಣಗಳ ಪಾಲು ದೊಡ್ಡದು. 2022ರಲ್ಲಿ ಜಗತ್ತಿನಾದ್ಯಂತ ಕ್ಷಯರೋಗಕ್ಕೆ ತುತ್ತಾದವರಲ್ಲಿ ಶೇಕಡಾ 55ರಷ್ಟು ವಯಸ್ಕ ಪುರುಷರಾಗಿದ್ದರು. ಎಚ್‌ಐವಿ ಪರೀಕ್ಷೆ ಮತ್ತು ಚಿಕಿತ್ಸೆಯಲ್ಲಿ ಪುರುಷರು ಹಿಂದೆ ಉಳಿದಿರುವುದನ್ನು ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವು 2017ರ ವರದಿಯೊಂದರಲ್ಲಿ ವಿವರಿಸಿತು.

ಭಾರತದಲ್ಲಿ 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಪುರುಷರಲ್ಲಿ ಶೇ. 42.4 ಮಂದಿ, ಮಹಿಳೆಯರಲ್ಲಿ ಶೇ. 14.2 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಭಾರತೀಯ ಪುರುಷರಲ್ಲಿ ಬಾಯಿಯ ಕ್ಯಾನ್ಸರ್ ಅತಿ ಹೆಚ್ಚಾಗಿ ಕಂಡುಬರುವುದಕ್ಕೆ ಇದೇ ಪ್ರಮುಖ ಕಾರಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದಂತೆ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಪ್ರತಿ 10 ಜನರಲ್ಲಿ ಸುಮಾರು 7 ಮಂದಿ ಪುರುಷರು. ವೃತ್ತಿಯ ದೃಷ್ಟಿಯಿಂದ ದಿನಗೂಲಿ ಕಾರ್ಮಿಕರ ಪಾಲು ಎಲ್ಲಕ್ಕಿಂತ ದೊಡ್ಡದು.

ದೂರ ಉಳಿಯಲು ಕಾರಣಗಳು

ಗಂಡಸಾದವನು ನೋವನ್ನು ಹೇಳಿಕೊಳ್ಳಬಾರದು, ಅಳಬಾರದು ಎಂಬ ಪಾಠ ಬಾಲ್ಯದಿಂದಲೇ ದೊರೆಯುತ್ತದೆ. ಇದರಿಂದಾಗಿ ಕಾಯಿಲೆಯನ್ನು ಒಪ್ಪಿಕೊಳ್ಳುವುದೇ ದೌರ್ಬಲ್ಯವೆಂಬ ಭಾವನೆ ಬೆಳೆಯುತ್ತದೆ. ಖಿನ್ನತೆಯು ಹಲವು ಪುರುಷರಲ್ಲಿ ದುಃಖದ ರೂಪದಲ್ಲಿ ಕಾಣಿಸದೆ ಸಿಡುಕುತನ, ಕುಡಿತ ಅಥವಾ ಮೌನದ ರೂಪದಲ್ಲಿ ಪ್ರಕಟವಾಗುವುದರಿಂದ ಮನೆಯವರಿಗೂ ವೈದ್ಯರಿಗೂ ಅದು ಸುಲಭವಾಗಿ ತಿಳಿಯುವುದಿಲ್ಲ.

ಎರಡನೆಯ ಕಾರಣ ಆರ್ಥಿಕವಾದುದು. ದಿನಗೂಲಿಯವನಿಗೆ ಆಸ್ಪತ್ರೆಯ ಸಾಲಿನಲ್ಲಿ ಕಳೆದ ಅರ್ಧ ದಿನವೆಂದರೆ ಕೈತಪ್ಪಿದ ಕೂಲಿ. ಅಧಿಕ ರಕ್ತದೊತ್ತಡ ಮತ್ತು ಮಧುಮೇಹಗಳು ಆರಂಭದಲ್ಲಿ ಯಾವ ನೋವನ್ನೂ ಕೊಡುವುದಿಲ್ಲ. ನೋವಿಲ್ಲದ ಕಾಯಿಲೆಗಾಗಿ ಕೂಲಿ ಬಿಡಲು ಯಾರೂ ಸುಲಭವಾಗಿ ಮುಂದಾಗುವುದಿಲ್ಲ.

ಮೂರನೆಯದು ಸೇವಾ ವ್ಯವಸ್ಥೆಯ ಸ್ವರೂಪ. ಗರ್ಭಧಾರಣೆ, ಹೆರಿಗೆ ಮತ್ತು ಮಕ್ಕಳ ಲಸಿಕೆಯ ಕಾರಣದಿಂದ ಮಹಿಳೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಪರಿಚಯವಾಗುತ್ತದೆ. ಕರ್ನಾಟಕದಲ್ಲಿ ಗರ್ಭಿಣಿಗೆ ನೀಡುವ ತಾಯಿ ಕಾರ್ಡ್ ಈ ನಂಟಿನ ಗುರುತು. ಶಾಲೆ ಬಿಟ್ಟ ನಂತರ ಪುರುಷನಿಗೆ ಇಂತಹ ನಿಯತ ಸಂಪರ್ಕ ಯಾವುದೂ ಇರುವುದಿಲ್ಲ. ಆಶಾ ಕಾರ್ಯಕರ್ತೆಯರು ಹಗಲಿನಲ್ಲಿ ಮನೆಗೆ ಭೇಟಿ ನೀಡಿದಾಗ ದುಡಿಯುವ ಪುರುಷರು ಹೆಚ್ಚಾಗಿ ಹೊರಗಿರುತ್ತಾರೆ.

ವಿಶ್ವಾಸದ ಕೊರತೆ ನಾಲ್ಕನೆಯ ಕಾರಣ. 1975–77ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಹಲವೆಡೆ ಬಲವಂತವಾಗಿ ನಡೆಸಲಾಯಿತು. ಆ ಬಳಿಕ ಈ ಸರಳ ಶಸ್ತ್ರಚಿಕಿತ್ಸೆಯ ಬಗ್ಗೆ ಹುಟ್ಟಿದ ಭಯ ಪೂರ್ಣವಾಗಿ ದೂರವಾಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಟುಂಬ ಯೋಜನೆಗಾಗಿ ಮಹಿಳೆಯರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳ ಪ್ರಮಾಣ ಶೇ. 37.9 ಇದ್ದರೆ, ಪುರುಷರ ಶಸ್ತ್ರಚಿಕಿತ್ಸೆಯದು ಶೇ. 0.3 ಮಾತ್ರ. ಪುರುಷರು ದೂರ ಉಳಿದ ಭಾರವನ್ನು ಮಹಿಳೆಯರು ಹೊರಬೇಕಾಗುವುದಕ್ಕೆ ಇದು ಸ್ಪಷ್ಟ ಉದಾಹರಣೆ.

ಸೇವೆಯನ್ನು ಜನರ ಬಳಿಗೆ ಒಯ್ದ ಪ್ರಯೋಗಗಳು

ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದ 52 ಕ್ಷೌರದಂಗಡಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಹೆಚ್ಚು ಹೆಸರಾಗಿದೆ. ಅಧಿಕ ರಕ್ತದೊತ್ತಡವಿದ್ದ 319 ಕಪ್ಪು ಜನಾಂಗದ ಪುರುಷರು ಇದರಲ್ಲಿ ಪಾಲ್ಗೊಂಡರು. ಅಂಗಡಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಮೊದಲ ಗುಂಪಿನ ಅಂಗಡಿಗಳಿಗೆ ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟರೇ ಬಂದು, ವೈದ್ಯರೊಂದಿಗಿನ ಒಪ್ಪಂದದಂತೆ ರಕ್ತದೊತ್ತಡ ಅಳೆದು ಔಷಧ ಸೂಚಿಸಿದರು. ಎರಡನೆಯ ಗುಂಪಿನಲ್ಲಿ ಕ್ಷೌರಿಕರು ಜೀವನಶೈಲಿ ಬದಲಿಸಿಕೊಂಡು ವೈದ್ಯರನ್ನು ಕಾಣುವಂತೆ ಸಲಹೆ ಮಾತ್ರ ನೀಡಿದರು. 6 ತಿಂಗಳ ನಂತರ ಮೊದಲ ಗುಂಪಿನವರ ಮೇಲಿನ ರಕ್ತದೊತ್ತಡ ಸರಾಸರಿ 27 ಅಂಕದಷ್ಟು ಇಳಿಯಿತು; ಎರಡನೆಯ ಗುಂಪಿನಲ್ಲಿ ಇಳಿಕೆ ಸುಮಾರು 9 ಅಂಕ. ರಕ್ತದೊತ್ತಡವು 130/80ಕ್ಕಿಂತ ಕೆಳಗೆ ಬಂದವರು ಮೊದಲ ಗುಂಪಿನಲ್ಲಿ ಶೇ. 63.6, ಎರಡನೆಯದರಲ್ಲಿ ಶೇ. 11.7. ಎರಡು ಗುಂಪುಗಳಲ್ಲಿಯೂ ಮಾತನಾಡಿದವರು ನಂಬಿಕೆಯ ಕ್ಷೌರಿಕರೇ ಆಗಿದ್ದರು. ಚಿಕಿತ್ಸೆಯೂ ಅದೇ ಅಂಗಡಿಯಲ್ಲಿ ದೊರೆತದ್ದು ವ್ಯತ್ಯಾಸಕ್ಕೆ ಕಾರಣವಾಯಿತು.

ಭಾರತದಲ್ಲಿ ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 1996ರಿಂದ ನಡೆದ ಅಧ್ಯಯನವೂ ಇದೇ ಮಾರ್ಗದ್ದು. ಇವುಗಳಲ್ಲಿ 7 ಪಂಚಾಯತಿಗಳ ಮನೆಗಳಿಗೆ ತರಬೇತಿ ಪಡೆದ ಕಾರ್ಯಕರ್ತರು ತೆರಳಿ, ಬಾಯಿಯ ಒಳಭಾಗವನ್ನು ಕಣ್ಣಿನಿಂದಲೇ ಪರೀಕ್ಷಿಸಿ, ಸಂಶಯವಿದ್ದವರನ್ನು ಮುಂದಿನ ತಪಾಸಣೆಗೆ ಕಳುಹಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯ ಬಳಸುತ್ತಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಮರಣ ಶೇ. 34ರಷ್ಟು ತಗ್ಗಿತು.

ಆಸ್ಟ್ರೇಲಿಯದಲ್ಲಿ 1990ರ ದಶಕದಲ್ಲಿ ಆರಂಭವಾದ ಪುರುಷರ ಕಾರ್ಯಾಗಾರಗಳು ಬೇರೆ ದಾರಿ ಹಿಡಿದವು. ನಿವೃತ್ತರೂ ಒಂಟಿಯಾಗಿರುವವರೂ ಅಲ್ಲಿ ಸೇರಿ ಮರಗೆಲಸ, ದುರಸ್ತಿ ಕೆಲಸಗಳಲ್ಲಿ ತೊಡಗುತ್ತಾರೆ. ಆರೋಗ್ಯದ ಮಾತು ಕೆಲಸದ ನಡುವೆ ತಾನಾಗಿ ಬರುತ್ತದೆ.

ವಿವಿಧ ದೇಶಗಳ ನೀತಿಗಳು

ಪುರುಷರ ಆರೋಗ್ಯಕ್ಕಾಗಿ ರಾಷ್ಟ್ರೀಯ ನೀತಿಯನ್ನು ಮೊದಲು ರೂಪಿಸಿದ ದೇಶ ಐರ್ಲೆಂಡ್. ಆ ನೀತಿಯ ಅವಧಿ 2008–2013. ಬ್ರೆಜಿಲ್ 2009ರಲ್ಲಿ, ಆಸ್ಟ್ರೇಲಿಯ 2010ರಲ್ಲಿ ಇದನ್ನು ಅನುಸರಿಸಿದವು. ಪತ್ನಿಯ ಗರ್ಭಾವಸ್ಥೆಯ ತಪಾಸಣೆಗೆ ಜೊತೆಯಲ್ಲಿ ಬರುವ ಪತಿಯನ್ನೂ ಪರೀಕ್ಷಿಸುವ ಕ್ರಮವನ್ನು ಬ್ರೆಜಿಲ್ ಅಳವಡಿಸಿಕೊಂಡಿತು. ಇಂಗ್ಲೆಂಡಿನಲ್ಲಿ 65ನೆಯ ವಯಸ್ಸಿಗೆ ಬರುವ ಪುರುಷರಿಗೆ ಹೊಟ್ಟೆಯ ಮಹಾಪಧಮನಿಯ ಊತವನ್ನು ಪತ್ತೆಹಚ್ಚುವ ಸ್ಕ್ಯಾನಿಂಗ್‌ಗಾಗಿ ಪತ್ರದ ಮೂಲಕ ಆಹ್ವಾನ ಕಳುಹಿಸಲಾಗುತ್ತದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಲಯವು ಪುರುಷರ ಆರೋಗ್ಯದ ಕಾರ್ಯತಂತ್ರವನ್ನು ಅಂಗೀಕರಿಸಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳ ಮೂಲಕ 30 ವರ್ಷ ಮೇಲ್ಪಟ್ಟ ಎಲ್ಲರಿಗೂ ಅಧಿಕ ರಕ್ತದೊತ್ತಡ, ಮಧುಮೇಹ ಹಾಗೂ ಸಾಮಾನ್ಯ ಕ್ಯಾನ್ಸರುಗಳ ತಪಾಸಣೆ ನಡೆಸುವ ಯೋಜನೆಯಿದೆ. ಪುರುಷರಿಗೆ ಅನ್ವಯಿಸುವ ಬಾಯಿಯ ಕ್ಯಾನ್ಸರ್ ತಪಾಸಣೆಯೂ ಇದರಲ್ಲಿ ಸೇರಿದೆ.

ಮಾನಸಿಕ ಆರೋಗ್ಯಕ್ಕಾಗಿ 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ನಿರ್ವಹಣಾ ಕೇಂದ್ರ. 14416 ಎಂಬ ಉಚಿತ ಸಂಖ್ಯೆಗೆ ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಆಸ್ಪತ್ರೆಯ ಮೆಟ್ಟಿಲೇರಲು ಹಿಂಜರಿಯುವವರಿಗೂ, ಹಗಲಿನಲ್ಲಿ ಬಿಡುವಿಲ್ಲದವರಿಗೂ ಇದು ಅನುಕೂಲಕರ.

ಟೀಕೆ ಮತ್ತು ಮಿತಿಗಳು

ಪುರುಷರು ಆಸ್ಪತ್ರೆಗೆ ಹೋಗುವುದಿಲ್ಲವೆಂಬ ಹೇಳಿಕೆ ಎಲ್ಲೆಡೆಯೂ ಸರಿಯಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ 2016ರ ಹೊರರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಮಹಿಳೆಯರ ಪಾಲು ಕೇವಲ ಶೇ. 37 ಎಂದು ಕಂಡುಬಂದಿತು. ದೂರದ ದೊಡ್ಡ ಆಸ್ಪತ್ರೆಗೆ ಚಿಕಿತ್ಸೆಗಾಗಿ ಕರೆದೊಯ್ಯುವ ಪ್ರಶ್ನೆ ಬಂದಾಗ ಹಿಂದೆ ಉಳಿಯುವವರು ಮಹಿಳೆಯರೇ. ಹಾಗಾಗಿ ಪುರುಷರ ತೊಡಕು ಮುಖ್ಯವಾಗಿ ಕಾಯಿಲೆ ಬರುವ ಮೊದಲಿನ ತಪಾಸಣೆಯಲ್ಲಿದೆ ಎಂದು ತಿಳಿಯಬೇಕಾಗುತ್ತದೆ. ಪುರುಷರ ಆರೋಗ್ಯ ಕಾರ್ಯಕ್ರಮಗಳಿಗಾಗಿ ತಾಯಿ ಮತ್ತು ಮಕ್ಕಳ ಸೇವೆಗಳ ಹಣವನ್ನು ಕಡಿತಗೊಳಿಸಬಾರದೆಂಬ ವಾದವೂ ಇದೆ.

ಎಲ್ಲ ತಪಾಸಣೆಗಳೂ ಎಲ್ಲರಿಗೂ ಅಗತ್ಯವಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯು ಎಂದೂ ತೊಂದರೆ ಕೊಡದಿರಬಹುದಾದ ಗಡ್ಡೆಗಳನ್ನೂ ಪತ್ತೆಹಚ್ಚಿ ಅನಗತ್ಯ ಚಿಕಿತ್ಸೆಗೆ ದಾರಿ ಮಾಡುವ ಸಂಭವವಿರುವುದರಿಂದ, ಅದರ ಲಾಭ-ನಷ್ಟಗಳನ್ನು ವೈದ್ಯರೊಡನೆ ಚರ್ಚಿಸಿ ನಿರ್ಧರಿಸುವುದು ಸೂಕ್ತ. ರಕ್ತದೊತ್ತಡದ ಅಳತೆ, ರಕ್ತದ ಸಕ್ಕರೆ ಪರೀಕ್ಷೆ ಮತ್ತು ತಂಬಾಕು ಬಳಸುವವರಲ್ಲಿ ಬಾಯಿಯ ಪರೀಕ್ಷೆ ಇವು ಕಡಿಮೆ ಖರ್ಚಿನವು. ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿಯೇ ಇವುಗಳನ್ನು ಮಾಡಬಹುದಾಗಿದೆ.