ಅಲ್ಪಶಕ್ತಿ ರೇಡಿಯೋ ವ್ಯವಸ್ಥೆಗಳಿಗೆ ಏಕಾಕ್ಷ ಕನೆಕ್ಟರ್‌ಗಳ ಆಯ್ಕೆ

ಏಕಾಕ್ಷ ಕನೆಕ್ಟರ್ (ಕೋಆಕ್ಸಿಯಲ್ ಕನೆಕ್ಟರ್) ಎಂಬುದು ಏಕಾಕ್ಷ ಕೇಬಲ್ಲನ್ನು ಪ್ರೇಷಕ, ಗ್ರಾಹಕ ಅಥವಾ ಆಂಟೆನಾದೊಂದಿಗೆ ಕೂಡಿಸುವ ಲೋಹದ ಜೋಡಣೆ. ಏಕಾಕ್ಷ ಕೇಬಲ್ಲಿನ ನಡುವೆ ತಾಮ್ರದ ತಂತಿ, ಅದರ ಸುತ್ತ ನಿರೋಧಕ ಪದರ, ಅದರ ಮೇಲೆ ಹೆಣೆದ ಲೋಹದ ಜಾಲರಿ, ಹೊರಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತವೆ. ತಂತಿಯೂ ಜಾಲರಿಯೂ ಒಂದೇ ಅಕ್ಷವನ್ನು ಹೊಂದಿರುವುದರಿಂದ ಈ ಹೆಸರು ಬಂದಿದೆ. ಕೇಬಲ್ ಮುಗಿಯುವ ಸ್ಥಳದಲ್ಲಿಯೂ ಈ ರಚನೆ ಕೆಡದಂತೆ ಮುಂದುವರಿಸುವುದೇ ಕನೆಕ್ಟರಿನ ಕೆಲಸ.

ಕೆಲವು ಮಿಲಿವ್ಯಾಟ್‌ಗಳಿಂದ ಸುಮಾರು 100 ವ್ಯಾಟ್‌ವರೆಗಿನ ವ್ಯವಸ್ಥೆಗಳನ್ನು ಈ ಲೇಖನದಲ್ಲಿ ಅಲ್ಪಶಕ್ತಿಯವೆಂದು ಪರಿಗಣಿಸಲಾಗಿದೆ. ಸಮುದಾಯ ಬಾನುಲಿ, ಹವ್ಯಾಸಿ (ಹ್ಯಾಮ್) ರೇಡಿಯೋ, ವೈಫೈ ಹಾಗೂ ಹೊಲಗಳಲ್ಲಿ ಇರಿಸುವ ನಿಸ್ತಂತು ಸಂವೇದಕಗಳು ಈ ಗುಂಪಿಗೆ ಸೇರುತ್ತವೆ. ಕನೆಕ್ಟರ್ ಮಳೆ ಬಿಸಿಲಿಗೆ ಒಡ್ಡಿಕೊಂಡಾಗ ಆಗುವ ಪರಿಣಾಮವನ್ನು ವಿವರಿಸಲು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳ ಪರಿಸರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

== ಶಕ್ತಿ ಮತ್ತು ಇಂಪಿಡೆನ್ಸ್ ==

ಕನೆಕ್ಟರ್ ಎಷ್ಟು ವ್ಯಾಟ್ ತಾಳಬಲ್ಲದು ಎಂಬುದು ಸಾಮಾನ್ಯವಾಗಿ ಕೇಳಿಬರುವ ಮೊದಲ ಪ್ರಶ್ನೆ. ಅಲ್ಪಶಕ್ತಿಯ ವ್ಯವಸ್ಥೆಗಳಲ್ಲಿ ಇದು ಅಷ್ಟು ಮುಖ್ಯವಾದುದಲ್ಲ. 50 ಓಮ್ ಕೇಬಲ್ಲಿನಲ್ಲಿ 50 ವ್ಯಾಟ್ ಹರಿದರೆ ವೋಲ್ಟೇಜ್ 50 ವೋಲ್ಟ್, ವಿದ್ಯುತ್ ಪ್ರವಾಹ 1 ಆಂಪಿಯರ್ ಮಾತ್ರ. ಸಣ್ಣ ಗಾತ್ರದ ಬಿಎನ್‌ಸಿ ಕನೆಕ್ಟರ್ ಕೂಡ 500 ವೋಲ್ಟ್‌ಗೆ ರೂಪಿಸಲ್ಪಟ್ಟದ್ದು.

ಹೆಚ್ಚು ಗಮನಿಸಬೇಕಾದದ್ದು ಇಂಪಿಡೆನ್ಸ್. ಕೇಬಲ್ಲಿನ ಒಳತಂತಿ ಮತ್ತು ಜಾಲರಿಯ ವ್ಯಾಸಗಳ ಅನುಪಾತ ಹಾಗೂ ನಡುವಿನ ನಿರೋಧಕ ವಸ್ತು ಇದನ್ನು ನಿರ್ಧರಿಸುತ್ತವೆ. ಬಳಕೆಯಲ್ಲಿ ಎರಡು ಬೆಲೆಗಳು ನೆಲೆಗೊಂಡಿವೆ: ಪ್ರಸಾರ ಮತ್ತು ಸಂವಹನಕ್ಕೆ 50 ಓಮ್, ಟೆಲಿವಿಷನ್ ಕೇಬಲ್ಲಿಗೆ 75 ಓಮ್. ಗಾಳಿಯನ್ನು ನಿರೋಧಕವಾಗಿ ಉಳ್ಳ ಕೇಬಲ್ಲಿನಲ್ಲಿ ಸಂಕೇತದ ನಷ್ಟ ಸುಮಾರು 77 ಓಮ್‌ನಲ್ಲಿ ಅತಿ ಕಡಿಮೆ. ಹೆಚ್ಚಿನ ಶಕ್ತಿ ಸಾಗುವುದು ಸುಮಾರು 30 ಓಮ್‌ನಲ್ಲಿ. 50 ಓಮ್ ಇವೆರಡರ ನಡುವಿನ ರಾಜಿ.

50 ಓಮ್ ಪ್ರೇಷಕಕ್ಕೆ 75 ಓಮ್ ಭಾರವನ್ನು ಜೋಡಿಸಿದರೆ ಶಕ್ತಿಯ ಶೇ. 4ರಷ್ಟು ಹಿಂದಿರುಗುತ್ತದೆ. ಇಷ್ಟನ್ನು ಸುಸ್ಥಿತಿಯ ಪ್ರೇಷಕ ಸಹಿಸಿಕೊಳ್ಳುತ್ತದೆ. ಆದರೆ ಜೋಡಣೆ ಸಡಿಲವಾಗಿ ಸಂಪರ್ಕವೇ ತಪ್ಪಿದರೆ ಬಹುತೇಕ ಎಲ್ಲ ಶಕ್ತಿಯೂ ಮರಳಿ, ರಕ್ಷಣಾ ಮಂಡಲವಿಲ್ಲದ ಪ್ರೇಷಕದ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಕೆಲವು ನೂರು ರೂಪಾಯಿಯ ಕನೆಕ್ಟರಿನಲ್ಲಿ ಮಾಡಿದ ಉಳಿತಾಯ ಇಲ್ಲಿ ದುಬಾರಿಯಾಗುತ್ತದೆ.

== ಮುಖ್ಯ ಬಗೆಗಳು ==

'''ಯುಎಚ್‌ಎಫ್ ಕನೆಕ್ಟರ್''' (ಪಿಎಲ್-259) 1930ರ ದಶಕದಲ್ಲಿ ಅಮೆರಿಕದ ಆಂಫಿನಾಲ್ ಸಂಸ್ಥೆಯಲ್ಲಿ ರೂಪುಗೊಂಡಿತು. ಇದರ ಹೆಸರು ದಾರಿತಪ್ಪಿಸುವಂಥದ್ದು. ಅಂದು 30 ಮೆಗಾಹರ್ಟ್ಸ್‌ಗಿಂತ ಮೇಲಿನದೆಲ್ಲ ಅತ್ಯುಚ್ಚ ಆವೃತ್ತಿ ಎನಿಸಿಕೊಂಡಿತ್ತು. ಇಂದು ಯುಎಚ್‌ಎಫ್ ಎಂದು ಕರೆಯುವ 300 ಮೆಗಾಹರ್ಟ್ಸ್‌ಗಿಂತ ಮೇಲಿನ ಪಟ್ಟಿಗೆ ಈ ಕನೆಕ್ಟರ್ ತಕ್ಕುದಲ್ಲ. ಇದರ ಇಂಪಿಡೆನ್ಸ್ ಒಂದೇ ಸಮನಾಗಿಲ್ಲ. ನೀರನ್ನೂ ಇದು ತಡೆಯುವುದಿಲ್ಲ.

'''ಎನ್ ಕನೆಕ್ಟರ್''' 1940ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಪಾಲ್ ನೀಲ್ ರೂಪಿಸಿದ್ದು. ತಿರುಪಿನ ಜೋಡಣೆ, ಒಳಗೆ ರಬ್ಬರ್ ಬಳೆ, 11 ಗಿಗಾಹರ್ಟ್ಸ್‌ವರೆಗಿನ ಸಾಮರ್ಥ್ಯ ಇದರ ಗುಣಗಳು. ಹೊರಾಂಗಣದ ಆಂಟೆನಾಗಳಿಗೆ ಇದೇ ಯೋಗ್ಯ. ಇದರ 50 ಮತ್ತು 75 ಓಮ್ ರೂಪಗಳ ನಡುಸೂಜಿಗಳ ದಪ್ಪ ಬೇರೆಬೇರೆ. 50 ಓಮ್‌ನ ದಪ್ಪ ಸೂಜಿಯನ್ನು 75 ಓಮ್‌ನ ಕಿರಿದಾದ ರಂಧ್ರಕ್ಕೆ ತುರುಕಿದರೆ ರಂಧ್ರ ಶಾಶ್ವತವಾಗಿ ಹಿಗ್ಗಿ ಹಾಳಾಗುತ್ತದೆ.

'''ಬಿಎನ್‌ಸಿ''' ಕಾಲು ಸುತ್ತು ತಿರುಗಿಸಿದರೆ ಕೂಡುವ ಜೋಡಣೆ. ಹೆಸರಿನಲ್ಲಿ ನೀಲ್ ಅವರ ಜೊತೆಗೆ ಆಂಫಿನಾಲ್‌ನ ಕಾರ್ಲ್ ಕಾನ್ಸೆಲ್‌ಮನ್ ಅವರ ಹೆಸರೂ ಅಡಗಿದೆ. ಪದೇ ಪದೇ ಬಿಚ್ಚಿ ಜೋಡಿಸುವ ಮಾಪನ ಉಪಕರಣಗಳಿಗೆ ಇದು ಅನುಕೂಲ. ಗಾಳಿಗೆ ಅಲುಗಾಡುವ ಕಂಬದ ಮೇಲೆ ಅಲ್ಲ.

'''ಎಸ್‌ಎಂಎ''' ಸಣ್ಣ ಉಪಕರಣಗಳ ಕನೆಕ್ಟರ್. 18 ಗಿಗಾಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ. ಪರವಾನಗಿ ಬೇಕಿಲ್ಲದ 865–868 ಮೆಗಾಹರ್ಟ್ಸ್ ಪಟ್ಟಿಯ ಸಂವೇದಕಗಳಲ್ಲಿ ಇದರ ಬಳಕೆ ಹೆಚ್ಚು. ವೈಫೈ ಸಾಧನಗಳಲ್ಲಿ ಕಾಣುವ ಆರ್‌ಪಿ-ಎಸ್‌ಎಂಎ ಇದರಂತೆಯೇ ತೋರಿದರೂ ಸೂಜಿ ಮತ್ತು ರಂಧ್ರಗಳು ಅದರಲ್ಲಿ ಅದಲುಬದಲಾಗಿರುತ್ತವೆ. ಇವೆರಡೂ ಒಂದಕ್ಕೊಂದು ಸಲೀಸಾಗಿ ತಿರುಪಿಕೊಳ್ಳುತ್ತವೆ, ಆದರೆ ರಂಧ್ರಕ್ಕೆ ರಂಧ್ರ ಎದುರಾಗಿ ಸಂಪರ್ಕವೇ ಆಗದಿರಬಹುದು, ಇಲ್ಲವೇ ಸೂಜಿಗೆ ಸೂಜಿ ತಾಗಿ ಮುರಿಯಬಹುದು. ಹೊರನೋಟಕ್ಕೆ ಎಲ್ಲವೂ ಸರಿಯಾಗಿರುವುದರಿಂದ ಈ ದೋಷವನ್ನು ಹುಡುಕುವುದು ಕಷ್ಟ. ಕೊಳ್ಳುವ ಮೊದಲು ಕನೆಕ್ಟರಿನೊಳಗೆ ಕಣ್ಣಿಟ್ಟು ನೋಡುವುದೊಂದೇ ಇದಕ್ಕೆ ಪರಿಹಾರ.

'''ಎಫ್ ಕನೆಕ್ಟರ್''' 75 ಓಮ್‌ನದು. ಕೇಬಲ್ಲಿನ ಒಳತಂತಿಯೇ ಇದರ ಸೂಜಿಯಾಗಿರುವುದರಿಂದ ಬೆಲೆ ಕಡಿಮೆ. ಮನೆಮನೆಯ ಕೇಬಲ್ ಟಿವಿ ಮತ್ತು ಡಿಶ್ ಆಂಟೆನಾಗಳಲ್ಲಿರುವುದು ಇದೇ. ಇಂತಹ ಟಿವಿ ಕೇಬಲ್ಲೇ ಬಾನುಲಿಯಾದ ಪ್ರಸಂಗವೂ ಕರ್ನಾಟಕದಲ್ಲಿದೆ. 2000ರ ದಶಕದ ಆರಂಭದಲ್ಲಿ ಸಮುದಾಯಗಳಿಗೆ ಪ್ರಸಾರ ಪರವಾನಗಿ ದೊರೆಯದಿದ್ದಾಗ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ತನ್ನ ಕಾರ್ಯಕ್ರಮಗಳನ್ನು ಊರಿನ ಟಿವಿ ಕೇಬಲ್ಲಿನ ಮೂಲಕ ಮನೆಗಳಿಗೆ ತಲುಪಿಸಿತು.

== ಬಸವಕಲ್ಯಾಣ ಮತ್ತು ಹುಮನಾಬಾದ್: ಒಂದು ಉದಾಹರಣೆ ==

2006ರ ಸಮುದಾಯ ಬಾನುಲಿ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಪ್ರಸಾರಕ್ಕೆ ಅವಕಾಶ ನೀಡಿತು. ವಿಕಿರಣ ಶಕ್ತಿಯ ಮಿತಿ ಸಾಮಾನ್ಯವಾಗಿ 100 ವ್ಯಾಟ್, ಆಂಟೆನಾದ ಎತ್ತರ ನೆಲದಿಂದ ಗರಿಷ್ಠ 30 ಮೀಟರ್, ವ್ಯಾಪ್ತಿ 5ರಿಂದ 10 ಕಿಲೋಮೀಟರ್. ಈ ಲೆಕ್ಕದಲ್ಲಿ ಬಸವಕಲ್ಯಾಣದ ಕೇಂದ್ರವೊಂದು ಹುಮನಾಬಾದನ್ನು ತಲುಪುವ ನಿರೀಕ್ಷೆಯಿಲ್ಲ. ಪ್ರತಿ ಪಟ್ಟಣಕ್ಕೂ ಪ್ರತ್ಯೇಕ ಕೇಂದ್ರ ಬೇಕಾಗುತ್ತದೆ.

ಅಂತಹ ಕೇಂದ್ರವೊಂದರಲ್ಲಿ 50 ವ್ಯಾಟ್ ಪ್ರೇಷಕದಿಂದ ಆಂಟೆನಾದವರೆಗೆ 40 ಮೀಟರ್ ಕೇಬಲ್ ಇದೆಯೆಂದು ಭಾವಿಸೋಣ. 100 ಮೆಗಾಹರ್ಟ್ಸ್ ಸಮೀಪದಲ್ಲಿ ತೆಳುವಾದ ಆರ್‌ಜಿ-58 ಕೇಬಲ್ 100 ಮೀಟರಿಗೆ ಸುಮಾರು 16 ಡೆಸಿಬೆಲ್ ನಷ್ಟಮಾಡುತ್ತದೆ. ಆಂಟೆನಾ ತಲುಪುವುದು 11–12 ವ್ಯಾಟ್ ಮಾತ್ರ. ದಪ್ಪನೆಯ ಆರ್‌ಜಿ-213ರಲ್ಲಿ ನಷ್ಟ ಸುಮಾರು 7 ಡೆಸಿಬೆಲ್. ಆಗ 26 ವ್ಯಾಟ್ ತಲುಪುತ್ತದೆ. ಸರಿಯಾಗಿ ಕೂಡಿಸಿದ ಒಂದು ಕನೆಕ್ಟರಿನ ನಷ್ಟವಾದರೋ 0.1 ಡೆಸಿಬೆಲ್ಲಿನ ಆಸುಪಾಸು. ಆದ್ದರಿಂದ ಮೊದಲು ಕೇಬಲ್ಲನ್ನು ಆರಿಸಿ, ಅದರ ವ್ಯಾಸಕ್ಕೆ ಹೊಂದುವ ಕನೆಕ್ಟರನ್ನು ಅನಂತರ ಆರಿಸುವುದು ಕ್ರಮ. ಆರ್‌ಜಿ-58ಕ್ಕೆಂದು ಮಾಡಿದ ಎನ್ ಕನೆಕ್ಟರ್ ಆರ್‌ಜಿ-213ಕ್ಕೆ ಹೊಂದುವುದಿಲ್ಲ.

ಎಫ್‌ಎಂ ಪಟ್ಟಿಯಲ್ಲಿ ತರಂಗದೂರ ಸುಮಾರು 3 ಮೀಟರ್. ಅದರ ಮುಂದೆ ಎರಡು ಮೂರು ಸೆಂಟಿಮೀಟರಿನ ಯುಎಚ್‌ಎಫ್ ಕನೆಕ್ಟರಿನ ಇಂಪಿಡೆನ್ಸ್ ದೋಷ ಗಣನೀಯವಲ್ಲ. ವಿದ್ಯುತ್ ದೃಷ್ಟಿಯಿಂದ ಅದೂ ನಡೆಯುತ್ತದೆ. ಎನ್ ಕನೆಕ್ಟರನ್ನು ಶಿಫಾರಸು ಮಾಡಲು ಕಾರಣ ನೀರು.

ಬೀದರ್ ಜಿಲ್ಲೆಯ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಅದಕ್ಕೆ ಮುಂಚಿನ ಬೇಸಿಗೆಯ ಬಿಸಿಲಿನಲ್ಲಿ ಅಗ್ಗದ ಟೇಪಿನ ಅಂಟು ಬಿಟ್ಟುಕೊಂಡಿರುತ್ತದೆ, ರಬ್ಬರ್ ಬಳೆ ಗಡುಸಾಗಿರುತ್ತದೆ. ಮೊದಲ ಮಳೆಯ ನೀರು ಕನೆಕ್ಟರಿನೊಳಗೆ ಇಳಿದು, ದೀಪದ ಬತ್ತಿಗೆ ಎಣ್ಣೆ ಏರುವಂತೆ ಜಾಲರಿಯ ಎಳೆಗಳಲ್ಲಿ ಹಬ್ಬುತ್ತದೆ. ತಾಮ್ರ ಕಪ್ಪಾಗುತ್ತದೆ, ಹಿಂದಿರುಗುವ ಶಕ್ತಿ ಏರುತ್ತದೆ, ಪ್ರೇಷಕ ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ ಅಥವಾ ನಿಲ್ಲುತ್ತದೆ. ರೈತರು ಮಳೆ ಬಿತ್ತನೆಗಳ ಸುದ್ದಿಗೆ ಕಿವಿಗೊಡುವ ವಾರಗಳಲ್ಲಿಯೇ ಕೇಂದ್ರ ಮೌನವಾಗುತ್ತದೆ. ಒಳಗೆ ನೀರು ಹಬ್ಬಿದ ಕೇಬಲ್ಲನ್ನು ಒಣಗಿಸಿ ಬಳಸುವುದು ಫಲಿಸುವುದಿಲ್ಲ. ಆ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು.

ತಡೆಯುವ ವಿಧಾನ ಸರಳ. ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಪದರಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತು ನೀರನ್ನು ಹೊರಕ್ಕೆ ಜಾರಿಸುತ್ತವೆ. ಕೇಬಲ್ ಕಟ್ಟಡದೊಳಗೆ ಬರುವ ಮುನ್ನ ಕೆಳಗೆ ಜೋತುಬಿದ್ದ ಒಂದು ಬಾಗು ಇರಬೇಕು. ಹನಿಗಳು ಅಲ್ಲಿಂದಲೇ ನೆಲಕ್ಕೆ ಬೀಳುತ್ತವೆ. ವಿನೆಗರ್ ವಾಸನೆಯ ಸಿಲಿಕೋನ್ ಅಂಟನ್ನು ಬಳಸಬಾರದು, ಅದರಿಂದ ಹೊರಬರುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲಿನಿಂದ ರಕ್ಷಣೆಗೆ ಕೇಬಲ್ ಒಳಬರುವ ಸ್ಥಳದಲ್ಲಿ ಭೂಸಂಪರ್ಕವುಳ್ಳ ಸಿಡಿಲುನಿರೋಧಕವನ್ನು ಜೋಡಿಸಬೇಕು. ಅದಕ್ಕೂ ಎನ್ ಕನೆಕ್ಟರಿರುವುದನ್ನೇ ಆರಿಸಿದರೆ ಅಡಾಪ್ಟರುಗಳ ಗೊಡವೆ ಇರದು.

== ಜೋಡಣೆ ಮತ್ತು ಪರೀಕ್ಷೆ ==

ಒತ್ತಿ ಕೂಡಿಸುವ (ಕ್ರಿಂಪ್) ಕನೆಕ್ಟರಿಗೆ ಅದರದೇ ಅಳತೆಯ ಷಡ್ಭುಜ ಅಚ್ಚಿನ ಸಾಧನ ಬೇಕು. ಇಕ್ಕಳದಿಂದ ಒತ್ತಿದ್ದು ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ. ಸಾಧನ ಸಿಗದ ಊರಿನಲ್ಲಿ ಬೆಸುಗೆ ಹಾಕುವ ಅಥವಾ ತಿರುಪಿನಿಂದ ಬಿಗಿಯುವ ಬಗೆಯೇ ಲೇಸು. ಕೂಡಿಸಿದ ಮೇಲೆ, ಕೇಬಲ್ಲಿನ ಎರಡೂ ತುದಿಗಳನ್ನು ಉಪಕರಣಗಳಿಂದ ಬಿಡಿಸಿ ಮಲ್ಟಿಮೀಟರಿನಿಂದ ನೋಡಬೇಕು: ನಡುಸೂಜಿಗೂ ಹೊರಕವಚಕ್ಕೂ ಸಂಪರ್ಕವಿರಕೂಡದು, ಒಂದು ತುದಿಯ ಸೂಜಿಗೂ ಇನ್ನೊಂದು ತುದಿಯ ಸೂಜಿಗೂ ಇರಬೇಕು. ಆಂಟೆನಾವನ್ನು ಬಿಡಿಸದೆ ಪರೀಕ್ಷಿಸಿದರೆ ಅನುಮಾನಕ್ಕೆ ಎಡೆಯಾಗುತ್ತದೆ, ಏಕೆಂದರೆ ಕೆಲವು ಆಂಟೆನಾಗಳ ರಚನೆಯಲ್ಲಿಯೇ ಸೂಜಿ ಮತ್ತು ಕವಚಗಳು ಕೂಡಿರುತ್ತವೆ. ಅನಂತರ ಎಸ್‌ಡಬ್ಲ್ಯುಆರ್ ಮಾಪಕವನ್ನು ಪ್ರೇಷಕದ ಬಳಿ ಇಟ್ಟು ಓದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಬೇಕು. ಮುಂದಿನ ಮಳೆಗಾಲದಲ್ಲಿ ಆ ಸಂಖ್ಯೆ ಏರಿದ್ದರೆ ಕಂಬದ ತುದಿಯ ಕನೆಕ್ಟರನ್ನು ಮೊದಲು ಬಿಚ್ಚಿ ನೋಡಬೇಕು.