ಕೀಲಿ ಒತ್ತುವುದು ಕಾಗಾಲದಲ್ಲಿ, ಅಕ್ಷರ ಮೂಡುವುದು ಬೆಂಗಳೂರಿನಲ್ಲಿ

ಕುಮಟಾ ತಾಲ್ಲೂಕಿನ ಕಾಗಾಲದಲ್ಲಿ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಬೆಂಗಳೂರಿನ ಕಚೇರಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಈಗ ಆಗದ ಮಾತಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳಿದ ಎಷ್ಟೋ ಮಂದಿಗೆ ರಿಮೋಟ್ ಡೆಸ್ಕ್‌ಟಾಪ್ ರೂಢಿಯಾಯಿತು. ಇಂಗ್ಲಿಷಿನಲ್ಲಿ ಸಲೀಸಾಗಿ ಸಾಗುವ ಈ ಕೆಲಸ ಕನ್ನಡ ಬರೆಯಲು ಹೊರಟಾಗ ಎಡವುತ್ತದೆ. ಆಗ ಎಲ್ಲರೂ ಮೊದಲು ದೂರುವುದು ನೆಟ್ಟನ್ನು. ಬಹಳ ಸಲ ತಪ್ಪು ನೆಟ್ಟಿನದಲ್ಲ.

'ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶ ಇದೆ, ಹಾಗಾಗಿ ಅಲ್ಲಿಯೂ ಕನ್ನಡ ಬರುತ್ತದೆ' ಎಂಬುದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಸಾಮಾನ್ಯವಾಗಿ ದಾಟಿಸುವುದು ಅಕ್ಷರವನ್ನಲ್ಲ, ಕೀಲಿಯ ಸಂಖ್ಯೆಯನ್ನು. 'ಎ' ಕೀಲಿ ಒತ್ತಿದರೆ ಅಲ್ಲಿಗೆ ಹೋಗುವುದು 30 ಎಂಬ ಸಂಖ್ಯೆ, ಅಷ್ಟೇ. ಆ 30 ಯಾವ ಅಕ್ಷರವಾಗಬೇಕು ಎಂದು ತೀರ್ಮಾನಿಸುವುದು ದೂರದ ಕಂಪ್ಯೂಟರಿನಲ್ಲಿ ಆಗ ಚಾಲ್ತಿಯಲ್ಲಿರುವ ಕೀಲಿಮಣೆ ವಿನ್ಯಾಸ.

ಇದರ ಪರಿಣಾಮ ಕನ್ನಡಿಗರಿಗೆ ತಟ್ಟುವಷ್ಟು ಇಂಗ್ಲಿಷಿನವರಿಗೆ ತಟ್ಟುವುದಿಲ್ಲ. ನಮ್ಮಲ್ಲಿ ಎರಡು ವಿನ್ಯಾಸಗಳು ಬಲವಾಗಿ ಬಳಕೆಯಲ್ಲಿವೆ. ಒಂದು, ಕೆ.ಪಿ. ರಾವ್ ಅವರು ರೂಪಿಸಿದ್ದು. ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೆಲ್ಲ ಹಬ್ಬಿದ್ದು ಇದೇ. ಇನ್ನೊಂದು ಇನ್‌ಸ್ಕ್ರಿಪ್ಟ್, ವಿಂಡೋಸ್‌ನೊಂದಿಗೇ ಬರುವಂಥದ್ದು. ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವ ಕೀಲಿ 'ಎಫ್'. ಇನ್‌ಸ್ಕ್ರಿಪ್ಟ್‌ನಲ್ಲಿ ಆ ಕೆಲಸ 'ಡಿ' ಕೀಲಿಯದು, 'ಎಫ್' ಒತ್ತಿದರೆ ಗುಡಿಸು ಬರುತ್ತದೆ. ನುಡಿಯ ರೂಢಿಯಲ್ಲಿ 'ಎ, ಕೆ, ಎಫ್, ಕೆ' ಒತ್ತಿ 'ಅಕ್ಕ' ಬರೆಯುವವರು ಅತ್ತ ಇನ್‌ಸ್ಕ್ರಿಪ್ಟ್ ಇದ್ದರೆ ಕಾಣುವುದು ಮೊದಲಿಗೊಂದು ಒಂಟಿ ಓಕಾರದ ಚಿಹ್ನೆ, ಆಮೇಲೆ 'ಕಿಕ'. ಕೀಲಿಮಣೆ ಕೆಟ್ಟಿಲ್ಲ, ನೆಟ್ಟೂ ಕೆಟ್ಟಿಲ್ಲ. ನುಡಿಯನ್ನು ದೂರದ ಕಂಪ್ಯೂಟರಿನಲ್ಲಿ ಚಾಲೂ ಮಾಡಿ, ಇಲ್ಲಿನದನ್ನು ಇಂಗ್ಲಿಷಿಗೆ ಬಿಡುವುದೇ ಸರಿಯಾದ ದಾರಿ. ಎರಡೂ ಕಡೆ ನುಡಿ ಓಡಿಸಿದರೆ ಗೊಂದಲ ಇಮ್ಮಡಿಯಾಗುತ್ತದೆ.

ಪಾಸ್‌ವರ್ಡ್ ವಿಷಯಕ್ಕೂ ಇದೇ ಕಾರಣ ಅನ್ವಯಿಸುತ್ತದೆ. ಸಂಪರ್ಕ ಕೂಡುವಾಗ ಇಲ್ಲಿನ ವಿಂಡೋಸ್ ತನ್ನ ವಿನ್ಯಾಸ ಯಾವುದೆಂದು ಅಲ್ಲಿಗೆ ತಿಳಿಸುತ್ತದೆ. ಇಲ್ಲಿ ಕಣ್ತಪ್ಪಿನಿಂದ ಬ್ರಿಟಿಷ್ ಇಂಗ್ಲಿಷ್ ಆರಿಸಿದ್ದರೆ, ಶಿಫ್ಟ್ ಹಿಡಿದು 2 ಒತ್ತಿದಾಗ '@' ಬದಲು ಉದ್ಧರಣ ಚಿಹ್ನೆ ಬೀಳುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಬರೀ ಚುಕ್ಕಿ. ಸರಿಯಾದ ಪಾಸ್‌ವರ್ಡ್ ಹಾಕಿಯೂ ಖಾತೆ ಲಾಕ್ ಆಗುವುದು ಹೀಗೆ. ನಮ್ಮಲ್ಲಿ ಮಾರಾಟವಾಗುವ ಬಹುತೇಕ ಕೀಲಿಮಣೆಗಳು ಅಮೆರಿಕನ್ ವಿನ್ಯಾಸದವು. ಸೆಟ್ಟಿಂಗೂ ಅದಕ್ಕೆ ಹೊಂದಬೇಕು.

ಇನ್ನು ಪರದೆ. 'ಅಕ್ಷರ ಮಸುಕಾದರೆ ನೆಟ್ ನಿಧಾನವೆಂದೇ ಅರ್ಥ' ಎನ್ನುವವರು ಒಮ್ಮೆ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ನೋಡಬೇಕು. ದೂರದ ಪರದೆ 1366×768 ಅಳತೆಯಲ್ಲಿದ್ದು, ಅದನ್ನು ಇಲ್ಲಿ 1920×1080ಕ್ಕೆ ಹಿಗ್ಗಿಸಿದರೆ ಹತ್ತು ಲಕ್ಷ ಚುಕ್ಕಿಗಳ ಚಿತ್ರ ಇಪ್ಪತ್ತು ಲಕ್ಷ ಚುಕ್ಕಿಗಳ ಜಾಗ ತುಂಬಬೇಕು. ಮಸುಕು ಅಲ್ಲಿಂದ ಬರುತ್ತದೆ. ಇಂಗ್ಲಿಷ್ ಓದುವವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಹಾಗಲ್ಲ: 'ದ'ಕ್ಕೂ 'ಧ'ಕ್ಕೂ, 'ಪ'ಕ್ಕೂ 'ಫ'ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀರು, ಒತ್ತಕ್ಷರಗಳಂತೂ ಸಾಲಿನ ಕೆಳಗೆ ಮೊದಲೇ ಚಿಕ್ಕವು. ಸಂಪರ್ಕಕ್ಕೆ ಮೊದಲೇ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯ ಡಿಸ್‌ಪ್ಲೇ ಟ್ಯಾಬಿನಲ್ಲಿ ಪೂರ್ಣ ಪರದೆಯ ಅಳತೆ ಆರಿಸಿ, ಎಕ್ಸ್‌ಪೀರಿಯೆನ್ಸ್ ಟ್ಯಾಬಿನಲ್ಲಿ ಫಾಂಟ್ ಸ್ಮೂದಿಂಗ್‌ಗೆ ಗುರುತು ಹಾಕಿದರೆ ಓದು ಹಗುರಾಗುತ್ತದೆ. ನೆಟ್ ನಿಜಕ್ಕೂ ಕುಂಟುತ್ತಿದ್ದರೆ ವಾಲ್‌ಪೇಪರ್, ಅನಿಮೇಷನ್ ತೆಗೆಯಬಹುದು. ಫಾಂಟ್ ಸ್ಮೂದಿಂಗ್ ಅನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು.

ಫಾಂಟಿನ ಬಗ್ಗೆಯೂ ಲೆಕ್ಕಾಚಾರ ತಲೆಕೆಳಗು. ಅಕ್ಷರದ ರೂಪ ಮೂಡುವುದು ಅಲ್ಲಿ. ಇಲ್ಲಿಗೆ ಬರುವುದು ಅದರ ಚಿತ್ರ. ಕಚೇರಿಯ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇದ್ದರೆ, ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೂ ಹಳೆಯ ಕಡತ ನೆಟ್ಟಗೆ ಕಾಣುತ್ತದೆ. ಅದೇ ಸಾಲನ್ನು ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿದರೆ ಮಾತ್ರ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಎದುರಾಗುತ್ತವೆ, ಏಕೆಂದರೆ ಆಗ ದಾಟಿ ಬಂದದ್ದು ಚಿತ್ರವಲ್ಲ, ಫಾಂಟಿಗೆ ಕಟ್ಟುಬಿದ್ದ ಹಳೆಯ ಸಂಕೇತ. ಯೂನಿಕೋಡ್‌ನಲ್ಲಿ ಬರೆದ ಕಡತಕ್ಕೆ ಈ ಪಾಡಿಲ್ಲ.

'ಆಲ್ಟ್-ಟ್ಯಾಬ್ ಅಲ್ಲಿ ನಡೆಯುವುದೇ ಇಲ್ಲ' ಎಂಬುದೂ ಅರ್ಧಸತ್ಯ. ಪೂರ್ಣ ಪರದೆಯಲ್ಲಿದ್ದಾಗ ಅದು ದೂರದ ಕಂಪ್ಯೂಟರಿಗೆ ಸಲ್ಲುತ್ತದೆ, ಕಿಟಕಿ ಚಿಕ್ಕದಾದರೆ ಇಲ್ಲಿಯದಕ್ಕೆ. ಲೋಕಲ್ ರಿಸೋರ್ಸಸ್ ಟ್ಯಾಬಿನಲ್ಲಿ ಇದನ್ನು ಬದಲಿಸಬಹುದು. ಕಂಟ್ರೋಲ್-ಆಲ್ಟ್-ಡಿಲೀಟ್ ಮಾತ್ರ ಯಾವಾಗಲೂ ಇಲ್ಲಿಯದೇ. ಅಲ್ಲಿಗೆ ಬೇಕೆಂದರೆ ಕಂಟ್ರೋಲ್-ಆಲ್ಟ್-ಎಂಡ್ ಒತ್ತಬೇಕು.

ಇಷ್ಟೆಲ್ಲ ತಿಳಿದರೂ ಕಾಗಾಲದಲ್ಲಿ ಕೂತ ನೌಕರರ ಕೈಯಲ್ಲಿ ಎಲ್ಲವೂ ಇರುವುದಿಲ್ಲ. ಕಚೇರಿಯ ಕಂಪ್ಯೂಟರಿಗೆ ತಂತ್ರಾಂಶ ಹಾಕುವ ಅಧಿಕಾರ ಸಾಮಾನ್ಯವಾಗಿ ಅವರಿಗಿರದು. ಆ ಅಧಿಕಾರ ಇರುವವರು ರಿಮೋಟ್ ಸಂಪರ್ಕದ ಅನುಮತಿ ಕೊಡುವ ಮೊದಲೇ ಅಲ್ಲಿ ಕನ್ನಡ ಕೀಲಿಮಣೆ, ನುಡಿ ಮತ್ತು ಫಾಂಟುಗಳನ್ನು ಹಾಕಿಡಲಿ.