ಪಾಸ್ ಯಾರಿಗೆ ಗಿಟ್ಟುತ್ತದೆ?

ಬೆಂಗಳೂರಿನ ಬಸ್ಸಿನಲ್ಲಿ ನೂರರ ನೋಟು ಚಾಚಿದರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಮೊತ್ತ ಗೀಚಿ, ‘ಇಳಿಯುವಾಗ ಇಸ್ಕೊಳ್ಳಿ’ ಎಂದು ಮುಂದೆ ಹೋಗುತ್ತಾರೆ. ಅಲ್ಲಿಂದ ಸ್ಟಾಪ್ ಬರುವವರೆಗೂ ಒಂದು ಕಣ್ಣು ಆ ಚೀಟಿಯ ಮೇಲೆ, ಇನ್ನೊಂದು ಕಂಡಕ್ಟರ್ ಮೇಲೆ. ಪಾಸ್ ಯಾಕೆ ಮಾಡಿಸಿದಿರಿ ಎಂದು ಕೇಳಿ ನೋಡಿ, ‘ಚಿಲ್ಲರೆ ರಗಳೆ ತಪ್ಪಿತು’ ಎನ್ನುವವರು ಬೇಕಾದಷ್ಟು ಸಿಗುತ್ತಾರೆ.

ದುಡ್ಡಿನ ಲೆಕ್ಕವಂತೂ ಇದ್ದೇ ಇದೆ. 2025ರ ಜನವರಿಯ ದರ ಏರಿಕೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 1,050 ರೂಪಾಯಿಯಿಂದ 1,200ಕ್ಕೆ ಹೋಯಿತು. ತಿಂಗಳಿಗೆ 25 ದಿನ ಕೆಲಸವೆಂದರೆ ದಿನಕ್ಕೆ 48 ರೂಪಾಯಿ. ಹತ್ತಿರದ ಆಫೀಸಿಗೆ ಒಂದೇ ಬಸ್ಸಿನಲ್ಲಿ ಹೋಗಿಬರುವವರಿಗೆ ಇದು ಗಿಟ್ಟುವುದಿಲ್ಲ. ಗಿಟ್ಟುವುದು ಬಸ್ ಬದಲಿಸುವವರಿಗೆ. ಇನ್ನೊಂದು ಬಸ್ ಹತ್ತಿದೊಡನೆ ಹೊಸ ಟಿಕೆಟ್, ಮತ್ತೆ ಮೊದಲ ಸ್ಟೇಜಿನಿಂದ ಲೆಕ್ಕ. ಒಂದು ಬಸ್ಸಿಗೆ 12, ಮುಂದಿನದಕ್ಕೆ 18 ಕೊಡುವವರಿಗೆ ಹೋಗಿಬರಲು ದಿನಕ್ಕೆ 60, ತಿಂಗಳಿಗೆ 1,500. ಪಾಸಿದ್ದರೆ 300 ರೂಪಾಯಿ ಉಳಿಯಿತು.

ಆದರೆ ಒಮ್ಮೆ ಮಾಡಿಸಿದವರು ತಿಂಗಳು ತಿಂಗಳೂ ಮಾಡಿಸುವುದು ಬರೀ ಈ ಉಳಿತಾಯಕ್ಕಲ್ಲ ಎಂದು ನನಗನ್ನಿಸುತ್ತದೆ. ಟಿಕೆಟ್ ತೆಗೆಯುವವರು ನೇರ ಬಸ್ಸಿಗೆ ಅರ್ಧ ಗಂಟೆ ಕಾಯುತ್ತಾರೆ. ಪಾಸಿದ್ದವರು ಬಂದ ಬಸ್ ಹತ್ತಿ, ಮೆಜೆಸ್ಟಿಕ್‌ನಲ್ಲೋ ಶಿವಾಜಿನಗರದಲ್ಲೋ ಇಳಿದು ಇನ್ನೊಂದು ಹಿಡಿಯುತ್ತಾರೆ. ಎರಡು ಸ್ಟಾಪ್ ಆಚೆಯ ತರಕಾರಿ ಅಂಗಡಿಗೂ ಬಸ್ಸೇ, ಭಾನುವಾರ ನೆಂಟರ ಮನೆಗೂ ಬಸ್ಸೇ. ಹೇಗೂ ದುಡ್ಡು ಕಟ್ಟಿಯಾಗಿದೆಯಲ್ಲ!

ತೊಡಕಿರುವುದು ಆ 1,200 ರೂಪಾಯಿಯನ್ನು ಒಟ್ಟಿಗೇ ಹೊಂದಿಸುವುದರಲ್ಲಿ. ದಿನಗೂಲಿಯವರ ಕೈಯಲ್ಲಿ ಅಷ್ಟು ಒಮ್ಮೆಗೇ ಇರುವುದಿಲ್ಲ. ವಾರದ ಪಾಸ್ 350 ರೂಪಾಯಿ. ನಾಲ್ಕು ವಾರ ಅದನ್ನೇ ತೆಗೆದುಕೊಂಡರೆ 1,400. ಕೈಯಲ್ಲಿ ಕಡಿಮೆ ಇದ್ದವರೇ ಹೆಚ್ಚು ತೆರಬೇಕಾಗಿ ಬರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಲಂಡನ್ನಿನಲ್ಲಿ 2005ರಿಂದಲೇ ಆಯ್ಸ್ಟರ್ ಕಾರ್ಡಿಗೆ ದಿನದ ಮಿತಿಯಿದೆ. ಪ್ರತಿ ಪ್ರಯಾಣಕ್ಕೂ ಹಣ ಕಡಿತವಾಗುತ್ತದೆ, ಮೊತ್ತ ಮಿತಿ ಮುಟ್ಟಿದ ಮೇಲೆ ಆ ದಿನ ಮತ್ತೆ ಕಡಿತವಿಲ್ಲ. ಮುಂಗಡ ಕಟ್ಟದೆಯೇ ಪಾಸಿನ ಅನುಕೂಲ. ಫ್ರಾನ್ಸಿನಲ್ಲಿ ನೌಕರರ ಪಾಸಿನ ಅರ್ಧ ಹಣವನ್ನು ಕೆಲಸ ಕೊಟ್ಟವರೇ ಭರಿಸಬೇಕೆಂದು ಕಾನೂನಿದೆ. ನಮ್ಮ ಕಂಪನಿಗಳೂ ಇದನ್ನು ಯೋಚಿಸಬೇಕು.

ವಿಯೆನ್ನಾ 2012ರಲ್ಲಿ ವರ್ಷದ ಪಾಸನ್ನು 365 ಯೂರೋಗೆ ಇಳಿಸಿತು. ದಿನಕ್ಕೊಂದು ಯೂರೋ, ಮಗುವಿಗೂ ಅರ್ಥವಾಗುವ ಲೆಕ್ಕ. ಅದೇ ವರ್ಷ ಹಣ ತೆತ್ತು ಕಾರು ನಿಲ್ಲಿಸಬೇಕಾದ ಬಡಾವಣೆಗಳನ್ನೂ ಹೆಚ್ಚಿಸಿತು. ಕೆಲವೇ ವರ್ಷಗಳಲ್ಲಿ ಊರಿನ ಕಾರುಗಳಿಗಿಂತ ವರ್ಷದ ಪಾಸುಗಳೇ ಹೆಚ್ಚಾದವು.

ನಮ್ಮಲ್ಲಿ 2023ರ ಜೂನ್ 11ರಂದು ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಪಾಸಿನ ಲೆಕ್ಕಾಚಾರವೇ ಬೇಕಿಲ್ಲ. ಉಳಿದವರು ಸೋಮವಾರದಿಂದ ಶನಿವಾರದವರೆಗಿನ ಟಿಕೆಟ್ಟುಗಳನ್ನು ಎಸೆಯದೆ ಜೇಬಿನಲ್ಲಿಟ್ಟುಕೊಂಡು, ಶನಿವಾರ ರಾತ್ರಿ ಕೂಡಿ ನೋಡಿ. ಮೊತ್ತ ದಿನಕ್ಕೆ 48ರಂತೆ ಆರು ದಿನದ 288 ದಾಟಿದ್ದರೆ ತಿಂಗಳ ಪಾಸ್ ಮಾಡಿಸಿ.